ಪಾರ್ಕಿನ್ಸನ್ ಕಾಯಿಲೆ: ಯಾವ ವಿಟಮಿನ್, ಎಷ್ಟು ವ್ಯಾಯಾಮ?

ಪಾರ್ಕಿನ್ಸನ್ ಇದೆ ಎಂದು ಗೊತ್ತಾದ ಮೇಲೆ ಬಹಳ ಮನೆಗಳಲ್ಲಿ ಮೊದಲು ಶುರುವಾಗುವುದು ವಿಟಮಿನ್ ಹುಡುಕಾಟ. ಮುಂದಿನ ಸಲ ರೋಗಿಯ ಜೊತೆ ಒಂದು ಚೀಲವೂ ಬರುತ್ತದೆ. ವಿಟಮಿನ್ ಇ, ಬಿ ಕಾಂಪ್ಲೆಕ್ಸ್, ಕೋಎನ್‌ಜೈಮ್ ಕ್ಯೂ10, ಜೊತೆಗೆ ಯಾರೋ ಹೇಳಿದ ಇನ್ನೊಂದೆರಡು ಡಬ್ಬಿ. "ಡಾಕ್ಟ್ರೇ, ಇದರಲ್ಲಿ ಯಾವುದು ಒಳ್ಳೇದು?" ಎಂದು ಕೇಳುತ್ತಾರೆ. ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ ಎಂದು ನಾನು ಕೇಳಿದರೆ, "ಮನೆಯೊಳಗೇ ಓಡಾಡ್ತಾ ಇರ್ತೀನಲ್ಲ" ಎನ್ನುವ ಉತ್ತರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ವಿಟಮಿನ್ ಮಾತ್ರೆ ಬೇಕಾಗುವುದು ಕೊರತೆ ಇದ್ದವರಿಗೆ. ವ್ಯಾಯಾಮ ಎಲ್ಲರಿಗೂ ಬೇಕು, ಅದೂ ಔಷಧಿಯ ಹಾಗೆ ಡೋಸ್ ಲೆಕ್ಕ ಹಾಕಿ.

ವಿಟಮಿನ್ ಮೇಲಿನ ಆಸೆ ಸುಮ್ನೆ ಹುಟ್ಟಿದ್ದಲ್ಲ. ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದರಿಂದಲೇ ನಡುಕ, ಬಿಗಿತ, ನಿಧಾನ ಎಲ್ಲ ಬರುವುದು. ಆ ಕೋಶಗಳಿಗೆ ಆಕ್ಸಿಡೀಕರಣದಿಂದ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಆಧಾರಗಳಿವೆ. ಹಾಗಾದರೆ ಅದನ್ನು ತಡೆಯುವ, ವಿಟಮಿನ್ ಇಯಂಥ ಆಂಟಿಆಕ್ಸಿಡೆಂಟ್ ಕೊಟ್ಟರೆ ಕೋಶ ಉಳಿಯಬೇಕಲ್ವಾ? ವಿಜ್ಞಾನಿಗಳಿಗೂ ಹಾಗೇ ಅನ್ನಿಸಿತ್ತು. ಡೇಟಾಟಾಪ್ ಎಂಬ ಅಧ್ಯಯನದಲ್ಲಿ 800 ರೋಗಿಗಳಿದ್ದರು. ಅವರಲ್ಲಿ ಸುಮಾರು ಅರ್ಧ ಜನಕ್ಕೆ ದಿನಕ್ಕೆ 2000 ಯೂನಿಟ್ ವಿಟಮಿನ್ ಇ ಕೊಟ್ಟರು. 1993ರಲ್ಲಿ ಬಂದ ಫಲಿತಾಂಶದಲ್ಲಿ ಅದರಿಂದ ಏನೂ ಲಾಭ ಕಾಣಲಿಲ್ಲ. ಕೋಎನ್‌ಜೈಮ್ ಕ್ಯೂ10 ಅನ್ನು 600 ಜನರಲ್ಲಿ ಪರೀಕ್ಷಿಸಿದರು. ದಿನಕ್ಕೆ 2400 ಮಿಲಿಗ್ರಾಂವರೆಗೆ ಕೊಟ್ಟರೂ ಪ್ರಯೋಜನವಿಲ್ಲ ಎಂದು 2014ರಲ್ಲಿ ವರದಿ ಬಂತು. ಸ್ನಾಯುಬಲಕ್ಕೆಂದು ಮಾರುವ ಕ್ರಿಯಾಟಿನ್ ಪುಡಿಯ ಕಥೆಯೂ ಅಷ್ಟೇ. 1741 ಜನರ ಆ ಅಧ್ಯಯನವನ್ನು 2013ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಇಷ್ಟು ಚೆನ್ನಾಗಿ ಪರೀಕ್ಷೆಯಾಗಿ ಸೋತ ವಸ್ತುಗಳು ಇವತ್ತಿಗೂ "ಮಿದುಳಿಗೆ ರಕ್ಷಣೆ" ಎನ್ನುವ ಚೀಟಿ ಹೊತ್ತು ಬರುತ್ತವೆ. ನನಗೆ ಸಿಟ್ಟು ಬರುವುದು ಅಲ್ಲಿ.

ಹಾಗಂತ ವಿಟಮಿನ್ ಅಂದರೆ ಮುಖ ತಿರುಗಿಸುವವನು ನಾನಲ್ಲ. ಬಿ12 ವಿಷಯದಲ್ಲಿ ನಾನು ತುಂಬಾ ಹುಷಾರು. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ, ಮಿದುಳಿನಲ್ಲಿ ಡೋಪಮಿನ್ ಆಗುವಂಥದ್ದು. ದೇಹದಲ್ಲಿ ಅದು ಒಡೆಯುವ ಹಾದಿಯಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹೆಚ್ಚುತ್ತದೆ. ಅದನ್ನು ಮತ್ತೆ ತಗ್ಗಿಸಲು ಬಿ12 ಮತ್ತು ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಬೇಕು. ಹಾಗಾಗಿ ವರ್ಷಗಟ್ಟಲೆ ಲೆವೊಡೋಪಾ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಅಪರೂಪವಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ, ಇವೂ ಬಹುಕಾಲ ನಡೆದಿದ್ದರೆ ಕೊರತೆ ಇನ್ನೂ ಜಾಸ್ತಿ. ಕಷ್ಟ ಏನೆಂದರೆ, ಬಿ12 ಕಡಿಮೆಯಾದಾಗ ಪಾದ ಜುಮ್ಮೆನ್ನುತ್ತದೆ, ನಡಿಗೆ ತೂರಾಡುತ್ತದೆ, ಮರೆವು ಬರುತ್ತದೆ. ಮನೆಯವರು ಇದೆಲ್ಲ ಪಾರ್ಕಿನ್ಸನ್ ಮುಂದುವರಿದದ್ದು ಎಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ, ಸರಿಪಡಿಸಬಹುದಾದ ತೊಂದರೆ ಇದು. ತಡ ಮಾಡಿದರೆ ನರಕ್ಕಾದ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು.

ಬಿ6ದು ಬೇರೆ ಕಥೆ. ಲೆವೊಡೋಪಾ ಒಂದನ್ನೇ ಕೊಡುತ್ತಿದ್ದ ಕಾಲದಲ್ಲಿ ಬಿ6 ಅದರ ಕೆಲಸ ಕೆಡಿಸುತ್ತಿತ್ತು, ಮಿದುಳು ತಲುಪುವ ಮೊದಲೇ ಔಷಧಿ ಖರ್ಚಾಗುತ್ತಿತ್ತು. ಈಗ ಹಾಗೆ ದಾರಿಯಲ್ಲೇ ಖರ್ಚಾಗದಂತೆ ತಡೆಯುವ ಕಾರ್ಬಿಡೋಪಾ ಅಥವಾ ಬೆನ್ಸೆರಜೈಡ್ ಮಾತ್ರೆಯ ಜೊತೆಗೇ ಇರುವುದರಿಂದ ಆ ಭಯ ಕಡಿಮೆ. ಆದರೆ ಹೆಚ್ಚಿನ ಪ್ರಮಾಣದ ಬಿ6 ತಿಂಗಳುಗಟ್ಟಲೆ ನುಂಗಿದರೆ ಕಾಲಿನ ನರಗಳಿಗೇ ಹಾನಿ. ಬೀಳುವ ಅಪಾಯ ಮೊದಲೇ ಇರುವವರಿಗೆ ಪಾದದ ಸ್ಪರ್ಶವೂ ಹೋದರೆ ಗತಿ ಏನು? ಇನ್ನೊಂದು ಕಡೆ, ಕಾರ್ಬಿಡೋಪಾ ತುಂಬಾ ಹೆಚ್ಚು ಪ್ರಮಾಣದಲ್ಲಿ ನಡೆಯುತ್ತಿರುವ ಕೆಲವರಲ್ಲಿ ಬಿ6 ಕೊರತೆಯೇ ಆಗುತ್ತದೆ. ಎರಡೂ ಕಡೆ ಅಪಾಯ ಇರುವುದರಿಂದ ಇದನ್ನು ನೀವೇ ತೀರ್ಮಾನಿಸಬೇಡಿ.

ವಿಟಮಿನ್ ಡಿ ಕಡಿಮೆಯಿದ್ದರೆ ಸರಿಪಡಿಸಲೇಬೇಕು, ಮೂಳೆಗಾಗಿ. ಬಿದ್ದು ಸೊಂಟದ ಮೂಳೆ ಮುರಿದರೆ ಆಮೇಲಿನ ದಿನಗಳು ಕಷ್ಟ. ಆದರೆ ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹೊಸ ತಲೆನೋವು.

ಕಬ್ಬಿಣದ ಮಾತ್ರೆ ಕರುಳಿನಲ್ಲಿ ಲೆವೊಡೋಪಾಗೆ ಅಂಟಿಕೊಂಡು ಅದು ರಕ್ತ ಸೇರುವುದನ್ನು ಕಡಿಮೆ ಮಾಡುತ್ತದೆ. ಕನಿಷ್ಠ ಎರಡು ಗಂಟೆ ಅಂತರ ಇರಲಿ. ಬಹಳಷ್ಟು ಮಲ್ಟಿವಿಟಮಿನ್‌ಗಳಲ್ಲೂ ಕಬ್ಬಿಣ ಇರುತ್ತದೆ, ಚೀಟಿ ಓದಿ. ನಸುಗುನ್ನಿ ಬೀಜದ ಪುಡಿಯಲ್ಲಂತೂ ನಿಜವಾದ ಲೆವೊಡೋಪಾ ಇದೆ. ಗಿಡದ್ದು, ಏನೂ ಆಗಲ್ಲ ಎಂದುಕೊಂಡು ಮಾತ್ರೆಯ ಮೇಲೆ ಅದನ್ನೂ ಸೇರಿಸಿದರೆ ಡೋಸ್ ಏರಿ ಕೈಕಾಲು ತಾನಾಗಿ ತಿರುಚಾಡಬಹುದು, ಇಲ್ಲದ್ದು ಕಣ್ಣಿಗೆ ಕಾಣಿಸಬಹುದು.

ವ್ಯಾಯಾಮ ಶುರು ಮಾಡಿದವರು ಪ್ರೋಟೀನ್ ಪುಡಿ ಕೇಳುತ್ತಾರೆ. ಪ್ರೋಟೀನ್ ಮತ್ತು ಲೆವೊಡೋಪಾ ಎರಡೂ ಕರುಳಿನಲ್ಲಿ ಒಂದೇ ಬಾಗಿಲಿಗೆ ನೂಕುನುಗ್ಗಲು ಮಾಡುವ ಗಿರಾಕಿಗಳು. ಜೊತೆಗೆ ಕುಡಿದರೆ ಕೆಲವರಿಗೆ ಮಾತ್ರೆ ಕೆಲಸವನ್ನೇ ಮಾಡುವುದಿಲ್ಲ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಮಾತ್ರೆ ತೆಗೆದುಕೊಳ್ಳಿ ಎನ್ನುವುದು ಅದಕ್ಕೇ.

ಈಗ ವ್ಯಾಯಾಮ. 2018ರಲ್ಲಿ ಬಂದ ಸ್ಪಾರ್ಕ್ಸ್ ಅಧ್ಯಯನದಲ್ಲಿ 128 ಜನ ಇದ್ದರು. ಹೊಸದಾಗಿ ಕಾಯಿಲೆ ಗೊತ್ತಾಗಿ ಇನ್ನೂ ಮಾತ್ರೆ ಶುರು ಮಾಡದವರು. ಗರಿಷ್ಠ ಹೃದಯ ಬಡಿತದ ಶೇ. 80-85ರ ಮಟ್ಟಕ್ಕೆ ಏದುಸಿರು ಬರುವಂತೆ ಟ್ರೆಡ್‌ಮಿಲ್ ಮೇಲೆ ನಡೆಯುವುದು ಒಂದು ಗುಂಪಿನ ಗುರಿ. ನಡುಕ, ಬಿಗಿತ, ನಿಧಾನವನ್ನು ಅಳೆದು ಕೊಡುವ ಚಲನೆಯ ಅಂಕ ಆರು ತಿಂಗಳಲ್ಲಿ ಅವರಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಎಂದಿನಂತೆ ಇದ್ದ ಗುಂಪಿನದು ಸುಮಾರು ಮೂರು ಅಂಕದಷ್ಟು ಕೆಟ್ಟಿತು. ಮರುವರ್ಷ ನೆದರ್‌ಲ್ಯಾಂಡ್ಸ್‌ನಿಂದ 130 ಜನರ ಇನ್ನೊಂದು ಅಧ್ಯಯನ ಬಂತು. ಮನೆಯಲ್ಲೇ ವ್ಯಾಯಾಮದ ಸೈಕಲ್ ತುಳಿದವರು, ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಚೆನ್ನಾಗಿದ್ದರು. ಸಾಯುವ ಕೋಶಗಳನ್ನೇ ವ್ಯಾಯಾಮ ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ, ಅದು ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ. ಆದರೆ ಯಾವ ವಿಟಮಿನ್ ಅಧ್ಯಯನದಲ್ಲೂ ಇಂಥ ಫಲಿತಾಂಶ ನಾನು ನೋಡಿಲ್ಲ.

ಹಾಗಾಗಿ ಮನೆಯೊಳಗಿನ ಓಡಾಟ ಲೆಕ್ಕಕ್ಕೆ ಸಾಲದು. ವಾರಕ್ಕೆ ಮೂರು ದಿನವಾದರೂ ಅರ್ಧ ಗಂಟೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ನಾಡಿ ಎಣಿಸಿ ಅಳೆಯುವುದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಬಿ.ಪಿ., ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ. ಪಾರ್ಕಿನ್ಸನ್ ಇರುವ ಕೆಲವರಲ್ಲಿ ಅದು ತಾನಾಗಿಯೇ ಮಂದ. ಹೃದಯದ ತೊಂದರೆ ಇದ್ದವರು ಬಿರುಸು ಹೆಚ್ಚಿಸುವ ಮೊದಲು ತಪಾಸಣೆ ಮಾಡಿಸಿಕೊಳ್ಳಿ. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನೇ ವ್ಯಾಯಾಮಕ್ಕೆ ಇಟ್ಟುಕೊಳ್ಳಿ.

ನಡಿಗೆಯ ಜೊತೆ ಬಲವೂ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಒಳ್ಳೆಯ ಶುರು. ಸಮತೋಲನಕ್ಕೆ ತೈ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ಒಳ್ಳೆಯದು. 2012ರಲ್ಲಿ ಬಂದ 195 ಜನರ ಅಧ್ಯಯನದಲ್ಲಿ ಅದನ್ನು ಕಲಿತವರು ಬೀಳುವುದು ಕಡಿಮೆಯಾಗಿತ್ತು. ಈ ಕಾಯಿಲೆಯಲ್ಲಿ ಚಲನೆ ತನಗೇ ಗೊತ್ತಾಗದೆ ಕುಗ್ಗುತ್ತದೆ, ಅದಕ್ಕೇ ಪ್ರತಿ ಹೆಜ್ಜೆ, ಪ್ರತಿ ಕೈಬೀಸನ್ನೂ ಬೇಕೆಂದೇ ದೊಡ್ಡದು ಮಾಡಬೇಕು. ನಿಂತಲ್ಲೇ ಗಿರಕ್ಕನೆ ತಿರುಗಬೇಡಿ, ಅಗಲವಾಗಿ ಸುತ್ತು ಹಾಕಿ. ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತಾದರೆ ನೂಕಿಕೊಂಡು ಹೋಗಬೇಡಿ. ನಿಲ್ಲಿ, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಿ, ಒಂದು ಎರಡು ಎಂದು ಎಣಿಸಿ ಹೆಜ್ಜೆ ಎತ್ತಿ. ನೆಲಕ್ಕೆ ಅಡ್ಡಡ್ಡ ಪಟ್ಟಿ ಅಂಟಿಸಿದರೂ ಎಷ್ಟೋ ಜನಕ್ಕೆ ಕಾಲು ಬರುತ್ತದೆ. ಎದ್ದ ಕೂಡಲೇ ತಲೆ ತಿರುಗಿದರೆ ಮೊದಲು ಬಿ.ಪಿ. ನೋಡಿಸಿ, ಕೂತಾಗ ಒಮ್ಮೆ, ನಿಂತಾಗ ಒಮ್ಮೆ.

ಇಷ್ಟೆಲ್ಲ ಹೇಳಿದ ಮೇಲೆ ಮನೆಯವರು ಎತ್ತುವ ಮಾತೊಂದಿದೆ. "ಎಷ್ಟು ಹೇಳಿದ್ರೂ ಅಪ್ಪ ಏಳೋದೇ ಇಲ್ಲ, ಸೋಮಾರಿ ಆಗಿಬಿಟ್ಟಿದ್ದಾರೆ." ಏನಾದರೂ ಮಾಡೋಣ ಎನ್ನುವ ಹುಮ್ಮಸ್ಸಿಗೂ ಡೋಪಮಿನ್ ಬೇಕು. ಅದು ಕಡಿಮೆಯಾದಾಗ ಹುಮ್ಮಸ್ಸೇ ಬತ್ತುತ್ತದೆ, ಅದು ಕಾಯಿಲೆಯ ಲಕ್ಷಣ. ಅವರಿಗೇ ಬೇಕು ಅನ್ನಿಸಲಿ ಎಂದು ಕಾಯಬೇಡಿ. ಹೊತ್ತು ಗೊತ್ತು ಮಾಡಿ, ಜೊತೆಗೆ ಹೊರಡಿ. ಗುಂಪಿನಲ್ಲಿ ಮಾಡುವ ತರಗತಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಗೆ ಮಾಡಿದರೂ ಕೆಲವು ವಾರ ಯಾವುದರಲ್ಲೂ ಆಸಕ್ತಿ ಕಾಣದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ ಖಿನ್ನತೆ ಸೇರಿಕೊಂಡಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ನಿಮ್ಮ ವೈದ್ಯರಿಗೆ ತಿಳಿಸಿ.