ಮಂಗಳೂರಿನ ಕೋಟೆಯನ್ನು ಸ್ಕೂಟರಿನಲ್ಲಿ ಸುತ್ತಬಹುದಾ?

ಪ್ರಶ್ನೆ: ಗುಜರಾತ್ ಕರಾವಳಿಯ ದಿಯುಗೆ ಹೋಗಿದ್ದಾಗ ಸ್ಕೂಟರ್ ಬಾಡಿಗೆಗೆ ತಗೊಂಡು ಕೋಟೆ, ಹಳೇ ಪೇಟೆ, ಊರಿನ ಗೋಡೆ ಎಲ್ಲ ಸುತ್ತಿದೆವು. ಮಂಗಳೂರಿನ ಕೋಟೆ ಮತ್ತು ಹಳೇ ಬಂದರನ್ನೂ ಹಾಗೇ ಗೈಡ್ ಹಿಂದೆ ಸ್ಕೂಟರಿನಲ್ಲಿ ನೋಡಬಹುದಾ? ಎಷ್ಟು ಹೊತ್ತು ಬೇಕು?

ಬಂದರನ್ನು ನೋಡಬಹುದು. ಬೆಳಗ್ಗೆ ಏಳಕ್ಕೆ ಹೊರಟರೆ ಹತ್ತು ಗಂಟೆಯೊಳಗೆ ಮುಗಿಯುತ್ತದೆ. ಕೋಟೆಯನ್ನು ನೋಡಲು ಆಗುವುದಿಲ್ಲ. ಅದು ಇಲ್ಲ. ಹೋಗಿ ಇನ್ನೂರು ವರ್ಷದ ಮೇಲಾಯಿತು.

ಇಷ್ಟು ಹೇಳಿದ ಕೂಡಲೇ ಮುಂದಿನ ಮಾತು ಏನು ಅಂತ ನನಗೆ ಗೊತ್ತು. "ಎಂತ ಮಾಸ್ಟ್ರೇ, ಬೋಳೂರಿನಲ್ಲಿ ಇದೆಯಲ್ಲ ಸುಲ್ತಾನ್ ಬತ್ತೇರಿ? ಅದು ಕೋಟೆ ಅಲ್ವಾ?" ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವ ನಾನು. ನಿವೃತ್ತಿಯಾದ ಮೇಲೆ ಭಾನುವಾರಗಳಲ್ಲಿ ಪರಿಚಯದವರ ನೆಂಟರನ್ನು, ಮಕ್ಕಳ ಗೆಳೆಯರನ್ನು ಸ್ಕೂಟರ್ ಸಾಲಿನಲ್ಲಿ ಸುತ್ತಿಸುತ್ತೇನೆ. ತರಗತಿಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಸಲ ಈ ಒಂದು ಪ್ರಶ್ನೆಗೆ ರಸ್ತೆ ಬದಿ ನಿಂತು ಉತ್ತರ ಹೇಳಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಸ್ಕೂಟರಿನ ವಿಷಯ ಮುಗಿಸೋಣ. ನಮ್ಮ ಊರು ಗುಡ್ಡದ ಮೇಲೆ ಹತ್ತಿ ಇಳಿಯುವ ಊರು. ಸೈಕಲ್ ತುಳಿದರೆ ಬಾವುಟಗುಡ್ಡೆಯಲ್ಲೇ ಉಸಿರು ಹೋಗುತ್ತದೆ. ಕಾರು ತಂದರೆ ಬಂದರಿನ ಗಲ್ಲಿಯಲ್ಲಿ ಲಾರಿಯ ಹಿಂದೆ ಅರ್ಧ ದಿನ. ಸ್ಕೂಟರೇ ಸರಿ. ಬಾಡಿಗೆಗೆ ತಗೊಳ್ಳುವವರು ನಂಬರ್ ಪ್ಲೇಟ್ ನೋಡಿ: ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನದ್ದನ್ನು ಯಾರಾದರೂ ಬಾಡಿಗೆಗೆ ಕೊಟ್ಟರೆ ಅದು ಕಾನೂನಿಗೆ ವಿರುದ್ಧ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ನಾನು ಒಂದು ಸಲಕ್ಕೆ ನಾಲ್ಕು ಸ್ಕೂಟರಿಗಿಂತ ಹೆಚ್ಚು ಕರಕೊಂಡು ಹೋಗುವುದಿಲ್ಲ. ಐದನೆಯದು ಯಾವಾಗಲೂ ಹಂಪನಕಟ್ಟೆ ಸಿಗ್ನಲಿನಲ್ಲಿ ಕಳೆದುಹೋಗುತ್ತದೆ, ಆಮೇಲೆ ಒನ್‌ವೇ ಸುತ್ತಿ ಸುತ್ತಿ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡುತ್ತದೆ.

ಈಗ ಕೋಟೆ.

ಕೋಟೆ ಇದ್ದದ್ದು ನಿಜ. ಪೋರ್ಚುಗೀಸರು 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ಊರು ಆಮೇಲೆ ಕೆಳದಿ ಅರಸರ ಕೈಗೆ ಬಂತು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದಾಗ ಮಂಗಳೂರೂ ಅವನದ್ದಾಯಿತು. ಸಮುದ್ರಕ್ಕೆ ಬಾಗಿಲು ಬೇಕಾಗಿದ್ದ ಮೈಸೂರಿಗೆ ಇದು ಚಿನ್ನದಂಥ ಊರು. ಇಂಗ್ಲಿಷರಿಗೂ ಅದು ಗೊತ್ತಿತ್ತು. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಹೋದ. ಮೂರೇ ತಿಂಗಳಲ್ಲಿ ಕೋಟೆ ಇಂಗ್ಲಿಷರ ಕೈಗೆ ಹೋಯಿತು.

ಇನ್ನು ಗಮನ ಕೊಟ್ಟು ಓದಿ, ಇಲ್ಲೇ ಎಲ್ಲರೂ ಜಾರುವುದು. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಸೈನ್ಯ ಸಮೇತ ಬಂದು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಇದ್ದದ್ದು ಕರ್ನಲ್ ಕ್ಯಾಂಪ್‌ಬೆಲ್ ಮತ್ತು ಅವನ ಸೈನಿಕರು. ಮೇ ಅಂದರೆ ಗೊತ್ತಲ್ಲ, ಮುಂದಿನ ತಿಂಗಳು ನಮ್ಮ ಕಡೆಯ ಮಳೆ. ಆ ಮಳೆಯಲ್ಲೇ ಫಿರಂಗಿ, ಕಂದಕ, ಕೆಸರು, ಕಾಯಿಲೆ. ಟಿಪ್ಪುವಿನ ಜೊತೆ ಇದ್ದ ಫ್ರೆಂಚರು, ಯುರೋಪಿನಲ್ಲಿ ತಮಗೂ ಇಂಗ್ಲಿಷರಿಗೂ ರಾಜಿಯಾಯಿತು ಎಂಬ ಸುದ್ದಿ ಬಂದ ಕೂಡಲೇ ಕೈಬಿಟ್ಟರು. ಆಗಸ್ಟಿನಲ್ಲಿ ಗುಂಡು ಹಾರಿಸುವುದು ನಿಂತಿತು. ಸುತ್ತುಗಟ್ಟಿದ್ದು ಮಾತ್ರ ಸಡಿಲವಾಗಲಿಲ್ಲ. 1784ರ ಜನವರಿ ಕೊನೆಗೆ, ಹಸಿವು ತಾಳಲಾರದೆ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಪರೀಕ್ಷೆಗೆ ಬರುವ ಒಪ್ಪಂದ ಅದೇ.

ಬೋಳೂರಿನ ಬತ್ತೇರಿ ಕಟ್ಟಿದ್ದು ಯಾವಾಗ? 1784ರಲ್ಲಿ.

ಈಗ ನೀವೇ ಹೇಳಿ. 1783ರಲ್ಲಿ ಮುತ್ತಿಗೆ ಹಾಕಿದ ಕೋಟೆ 1784ರಲ್ಲಿ ಕಟ್ಟಿದ ಬತ್ತೇರಿ ಆಗುವುದು ಹೇಗೆ? ಕಟ್ಟದೇ ಇದ್ದ ಕಟ್ಟಡದ ಒಳಗೆ ಒಂದು ಸೈನ್ಯ ಎಂಟು ತಿಂಗಳು ಕೂತಿತ್ತಾ? ಇನ್ನೊಂದು ವಿಷಯ. ಮುತ್ತಿಗೆಯಲ್ಲಿ ಟಿಪ್ಪು ಇದ್ದದ್ದು ಕೋಟೆಯ ಹೊರಗೆ. "ಟಿಪ್ಪು ಈ ಕೋಟೆಯೊಳಗೆ ನಿಂತು ಇಂಗ್ಲಿಷರನ್ನು ಹೊಡೆದ" ಅಂತ ಬತ್ತೇರಿಯ ಮೆಟ್ಟಿಲ ಮೇಲೆ ನಿಂತು ಮಕ್ಕಳಿಗೆ ವಿವರಿಸುವ ಅಪ್ಪಂದಿರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಒಳಗಿದ್ದವರನ್ನೂ ಹೊರಗಿದ್ದವರನ್ನೂ ಅದಲು ಬದಲು ಮಾಡಿದ್ದಾರೆ ಪಾಪ. ಮಕ್ಕಳ ಮುಂದೆ ತಿದ್ದುವುದು ಸರಿಯಲ್ಲ ಅಂತ ಸುಮ್ನೆ ಇರುತ್ತೇನೆ. ಒಂದು ಸಲ ಮಾತ್ರ ಸುಮ್ಮನಿರಲು ಆಗಲಿಲ್ಲ, ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಇತಿಹಾಸ ಬೇಡ, ಕಣ್ಣಳತೆಯೇ ಸಾಕು. ಬತ್ತೇರಿಯನ್ನು ಒಂದು ಸುತ್ತು ಬರಲು ಎರಡು ನಿಮಿಷ ಸಾಕು. ಒಂದು ಸೈನ್ಯ, ಅದರ ಅಕ್ಕಿ, ಅದರ ಕುದುರೆ, ಅದರ ಆಸ್ಪತ್ರೆ, ಎಲ್ಲ ಅಲ್ಲಿ ಹಿಡಿಯುವುದುಂಟಾ? ಅಲ್ಲಿರುವುದು ಕಾವಲು ಬುರುಜು. ಗೋಡೆಯಲ್ಲಿ ಫಿರಂಗಿ ಬಾಯಿ ಇಡಲು ಕಿಂಡಿಗಳು, ಮೇಲೆ ಹತ್ತಲು ಮೆಟ್ಟಿಲು, ಕೆಳಗೆ ಮದ್ದುಗುಂಡು ಇಡುವ ಕೋಣೆ. ನೋಡಲು ಪುಟ್ಟ ಕೋಟೆಯ ಹಾಗೇ ಇದೆ, ಅದಕ್ಕೇ ಮೋಸ ಹೋಗುವುದು. ಅದರ ಕೆಲಸ ಒಂದೇ: ಗುರುಪುರ ನದಿಯೊಳಗೆ ಶತ್ರುವಿನ ಹಡಗು ನುಗ್ಗದ ಹಾಗೆ ತಡೆಯುವುದು. ಫಿರಂಗಿಗಳನ್ನು ಸಾಲಾಗಿ ಹೂಡಿದ ಜಾಗಕ್ಕೆ ಇಂಗ್ಲಿಷಿನಲ್ಲಿ ಬ್ಯಾಟರಿ ಅನ್ನುತ್ತಾರೆ. ಅದೇ ನಮ್ಮ ಬಾಯಲ್ಲಿ ಬತ್ತೇರಿ. ಟಾರ್ಚಿಗೆ ಹಾಕುವ ಬ್ಯಾಟರಿಗೂ ಅದಕ್ಕೂ ಏನು ಸಂಬಂಧ ಅಂತ ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಿದ್ದ. ಸಂಬಂಧ ಇದೆ: ಅದೂ ಸಾಲಾಗಿ ಜೋಡಿಸಿದ್ದೇ, ಫಿರಂಗಿಯ ಬದಲು ಸೆಲ್ಲು. ದೊಡ್ಡವರಿಗಿಂತ ಒಳ್ಳೆಯ ಪ್ರಶ್ನೆ ಅದು.

ಹಾಗಾದರೆ ನಿಜವಾದ ಕೋಟೆ ಎಲ್ಲಿ ಹೋಯಿತು? ಗೆದ್ದವನೇ ಕೆಡವಿಸಿದ. ಸ್ವಂತ ಕೋಟೆಯನ್ನು ಬಿಡಿಸಿಕೊಳ್ಳಲು ಎಂಟು ತಿಂಗಳು ಒದ್ದಾಡಿದ ಟಿಪ್ಪುವಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಇಂಥ ಕೋಟೆ ಕಡಲಿನಿಂದ ಬರುವವರನ್ನು ತಡೆಯುವುದಿಲ್ಲ. ಅವರು ಒಳಗೆ ಸೇರಿಕೊಂಡರೆ ಮಾತ್ರ ನಮ್ಮನ್ನು ತಡೆಯುತ್ತದೆ. ಇಂಗ್ಲಿಷರ ಕಂಪನಿಗಾಗಿ ನಾಡು ಸುತ್ತಿ ವರದಿ ಬರೆಯುತ್ತಾ 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಕೂಡ ಹೆಚ್ಚುಕಡಿಮೆ ಇದೇ ಕಾರಣವನ್ನು ಬರೆದಿಟ್ಟಿದ್ದಾನೆ. ದೊಡ್ಡ ಗೋಡೆ ಹೋಯಿತು, ನದಿ ಬದಿಯಲ್ಲಿ ಸಣ್ಣ ಬುರುಜು ಬಂತು. ಮಂಗಳೂರಿನಲ್ಲಿ ಗೋಡೆ ಯಾಕಿಲ್ಲ, ದಿಯುನಲ್ಲಿ ಯಾಕಿದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ದಿಯು ಕೋಟೆಯನ್ನು ಪೋರ್ಚುಗೀಸರು 1535ರಲ್ಲಿ ಕಟ್ಟಲು ಶುರು ಮಾಡಿ, 1961ರವರೆಗೆ ಅದನ್ನು ಹಿಡಿದುಕೊಂಡೇ ಇದ್ದರು. ಕೆಡವಲು ಅವರಿಗೆ ಕಾರಣವೇ ಇರಲಿಲ್ಲ. ನಮ್ಮದು ಕೈಯಿಂದ ಕೈಗೆ ಹೋದ ಊರು.

ಸುರಂಗದ ಬಗ್ಗೆಯೂ ಹೇಳಿಬಿಡುತ್ತೇನೆ, ಹೇಗೂ ಕೇಳುತ್ತೀರಿ. ಬತ್ತೇರಿಯ ಕೆಳಗಿನ ಕೋಣೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ, ಟಿಪ್ಪು ಕುದುರೆ ಮೇಲೆ ಅದರಲ್ಲಿ ಬರುತ್ತಿದ್ದ ಅಂತ ಒಂದು ಕತೆ. ಶ್ರೀರಂಗಪಟ್ಟಣ ಇಲ್ಲಿಂದ ಸುಮಾರು 250 ಕಿ.ಮೀ. ನಡುವೆ ಪಶ್ಚಿಮ ಘಟ್ಟ. ಮಂಗಳೂರು–ಹಾಸನ ರೈಲು ದಾರಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ತುಂಡಿಗೇ 57 ಸುರಂಗ ಕೊರೆಯಬೇಕಾಯಿತು. ಸಿಡಿಮದ್ದು, ಯಂತ್ರ, ಸರಕಾರದ ದುಡ್ಡು ಎಲ್ಲ ಇದ್ದೂ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ದಾರಿ ತೆರೆದದ್ದು 1979ರಲ್ಲಿ. ಟಿಪ್ಪು ಆಳಿದ್ದೇ ಹದಿನೇಳು ವರ್ಷ, ಅದರಲ್ಲೂ ಎಷ್ಟೋ ವರ್ಷ ಯುದ್ಧ. ಅದೆಲ್ಲ ಬಿಡಿ, ಬೋಳೂರಿನಲ್ಲಿ ಜುಲೈ ತಿಂಗಳಲ್ಲಿ ಯಾರ ಮನೆ ಬಾವಿಯಾದರೂ ಇಣುಕಿ ನೋಡಿ. ನೀರು ಕೈಗೆಟುಕುತ್ತದೆ. ಆ ನೆಲದ ಕೆಳಗೆ ಕುದುರೆ ಓಡಿಸುವುದಾದರೆ ಅದು ಈಜುವ ಕುದುರೆಯೇ ಆಗಬೇಕು. ಕೋಣೆ ಕೆಳಗೆ ಇರುವುದಕ್ಕೆ ಕಾರಣ ಸರಳ: ಮದ್ದಿಗೆ ಕಿಡಿ ತಾಗಬಾರದು, ಶತ್ರುವಿನ ಗುಂಡು ತಾಗಬಾರದು.

ಇನ್ನೊಂದು ಎಚ್ಚರಿಕೆ. ಕೇರಳದ ವಯನಾಡಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆ, ಅದು ಒಂದು ಇಡೀ ಊರು. ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ಫೋನಿನ ಮ್ಯಾಪಿನಲ್ಲಿ ಹೆಸರು ಹಾಕಿ ಹೊರಟು, ತಲಪಾಡಿ ಗೇಟು ದಾಟಿದ ಮೇಲೆ ನನಗೆ ಫೋನ್ ಮಾಡಿತ್ತು: "ಸರ, ಬೋರ್ಡೆಲ್ಲ ಮಲಯಾಳಂನಾಗ ಬರಾಕತ್ತಾವ." ಬೋಳೂರು ಅಂತ ಹಾಕಿ.

ಸರಿ, ಗೋಡೆ ಇಲ್ಲದ ಊರಿನಲ್ಲಿ ನಾನು ಏನು ತೋರಿಸುತ್ತೇನೆ? ಬಾವುಟಗುಡ್ಡೆಯಿಂದ ಶುರು. ಅಲ್ಲಿ ಅಲೋಶಿಯಸ್ ಚಾಪೆಲ್, ಇಟಲಿಯ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ಗೋಡೆ, ಮಾಡು ಎಲ್ಲ ಚಿತ್ರ ತುಂಬಿದ್ದಾನೆ. ಅಲ್ಲಿಂದ ಇಳಿದು ರಥಬೀದಿ. ರಥಸಪ್ತಮಿಯ ಹೊತ್ತಿಗೆ ಕೊಡಿಯಾಲ ತೇರು ಇರುತ್ತದೆ, ಆಗ ಸ್ಕೂಟರ್ ಆಸೆ ಬಿಡಿ. ಮುಂದೆ ಬಂದರು. ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ನೋಡಲೇಬೇಕು. ಹೊರಗೆ ನಿಂತು ಕೇಳಿಯೇ ಒಳಗೆ ಹೋಗಿ, ನಮಾಜಿನ ಹೊತ್ತು ಬೇಡ. ಸುತ್ತ ಸಗಟು ಅಂಗಡಿಗಳು. ಅಡಿಕೆ, ಒಣಮೆಣಸು, ಅಕ್ಕಿ, ಒಣಮೀನು. ಹೆಲ್ಮೆಟ್ ಗ್ಲಾಸ್ ಎತ್ತಿದರೆ ಯಾವ ಗಲ್ಲಿಯಲ್ಲಿದ್ದೀರಿ ಅಂತ ಮೂಗೇ ಹೇಳುತ್ತದೆ. ಹಳೇ ಗೋದಾಮುಗಳ ಮೇಲೆ ಇನ್ನೂ ಅಲ್ಲಲ್ಲಿ ಮಂಗಳೂರು ಹಂಚು ಉಂಟು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹಂಚಿಗೆ ಬೇಕಾದ ಮಣ್ಣು ನದಿ ದಡದಲ್ಲೇ, ಹೊತ್ತು ಹೋಗುವ ಹಡಗೂ ಅದೇ ನದಿಯಲ್ಲಿ.

ಆಮೇಲೆ ದಕ್ಕೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆ. ಇಲ್ಲಿ ಸ್ಕೂಟರ್ ನಿಧಾನ. ಐಸ್ ಲಾರಿಯ ನೀರು, ಮೀನಿನ ಪೊರೆ, ಎರಡೂ ಸೇರಿದರೆ ರಸ್ತೆ ಸೋಪು ಹಚ್ಚಿದ ಹಾಗೆ. ಮುಂದಿನ ಬ್ರೇಕ್ ಒತ್ತಿದಿರೋ, ಬಂಗುಡೆ ಬುಟ್ಟಿಯ ಪಕ್ಕ ನೀವೂ ಮಲಗುತ್ತೀರಿ. ನಾನು ಮಲಗಿದ್ದೇನೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವುದರಿಂದ ಆಗ ಬಂದರೆ ಬರೀ ಕಟ್ಟಿಹಾಕಿದ ಬೋಟುಗಳು. ಅಲ್ಲಿಂದ ಕುದ್ರೋಳಿ ದಾಟಿ ಬೋಳೂರು, ಬತ್ತೇರಿಯಲ್ಲಿ ಮುಕ್ತಾಯ. ಮೇಲೆ ಹತ್ತಿ ನದಿ ನೋಡಿ, ಆಚೆ ದಡ ತಣ್ಣೀರುಬಾವಿ. ಆಮೇಲೆ ಗೋಳಿಬಜೆ, ಬನ್ಸು, ಚಹಾ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ, ಬತ್ತೇರಿಯ ಮೇಲೆ ನಿಂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಇಷ್ಟು ಕಾದಾಡಿ ಹಿಡಿದ ಬಂದರಿನಲ್ಲಿ ಇವತ್ತು ದೊಡ್ಡ ಹಡಗು ಯಾಕೆ ಕಾಣುವುದಿಲ್ಲ? ಟಿಪ್ಪುವೂ ಅಲ್ಲ, ಇಂಗ್ಲಿಷರೂ ಅಲ್ಲ, ಕಾರಣ ಹೊಯ್ಗೆ. ನೇತ್ರಾವತಿ, ಗುರುಪುರ ಎರಡೂ ಘಟ್ಟದಿಂದ ಮರಳು ತಂದು ಅಳಿವೆ ಬಾಯಿಯಲ್ಲಿ, ಅಂದರೆ ಕಡಲು ಸೇರುವ ಜಾಗದಲ್ಲಿ, ಸುರಿಯುತ್ತವೆ. ದೊಡ್ಡ ಹಡಗು ಒಳಗೆ ಬಂದರೆ ತಳ ತಾಗುತ್ತದೆ. ಹಾಗಾಗಿ ಹಿಂದೆ ಅವು ದೂರ ಕಡಲಲ್ಲೇ ಲಂಗರು ಹಾಕುತ್ತಿದ್ದವು, ಸರಕನ್ನು ದೋಣಿಗಳಲ್ಲಿ ಸಾಗಿಸುತ್ತಿದ್ದರು. ಕಡೆಗೆ ನದಿಯ ಸಹವಾಸವೇ ಬೇಡ ಅಂತ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು. 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರು ಅಂತ ಘೋಷಣೆಯಾಯಿತು.

ಹಳೇ ಬಂದರಿಗೆ ಉಳಿದದ್ದು ಮೀನು ಮತ್ತು ಮಂಜಿ. ಮಂಜಿ ಅಂದರೆ ಮರದ ಸರಕು ಹಡಗು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಇವತ್ತಿಗೂ ಇಲ್ಲಿಂದ ಮಂಜಿಯಲ್ಲೇ ಹೋಗುತ್ತದೆ. ಜಲ್ಲಿ ಬುಟ್ಟಿ ಕೈಯಿಂದ ಕೈಗೆ ದಾಟುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹತ್ತಿ ಫೋಟೋ ತೆಗೆಯಬಹುದಾ ಅಂತ ಕೇಳಬೇಡಿ, ಅದು ಅವರ ಕೆಲಸದ ಜಾಗ. ಮಳೆಗಾಲದಲ್ಲಿ ಮಂಜಿಯೂ ಹೋಗುವುದಿಲ್ಲ. ಹಾಗಾಗಿ ಬರುವುದಾದರೆ ಅಕ್ಟೋಬರ್ ಆದ ಮೇಲೆ ಬನ್ನಿ. ಹೆಲ್ಮೆಟ್ ನಿಮ್ಮದೇ ತನ್ನಿ. ನನ್ನ ಹತ್ತಿರ ಹೆಚ್ಚಿಗೆ ಇರುವುದು ಎರಡೇ, ಅದರಲ್ಲಿ ಒಂದು ಬಂಗುಡೆ ಬುಟ್ಟಿಗೆ ಬಿದ್ದದ್ದು.