“ಮಾಮ, ಇದ್ರಲ್ಲಿ ಗೇಮ್ ಆಡ್ಲಿಕ್ಕೆ ಆಗ್ತದಾ?”

ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಮೇಜಿನಡಿ ಕೂತಿರುವ ಕಂಪ್ಯೂಟರಿನಲ್ಲಿ ಎಎಮ್‌ಡಿ ಕಂಪನಿಯ ಆರ್7 250 ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಗೆ ಚಿತ್ರ ಬಿಡಿಸಿಕೊಡುವ ಭಾಗ, ಇದೆ. 2013ರ ಸರಕು. ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ವಿಂಡೋಸ್‌ನಲ್ಲಿ ಈ ಪೀಳಿಗೆಯ ಕಾರ್ಡುಗಳಿಗೆ ನಿಯಮಿತವಾಗಿ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬರುವುದು 2021ರ ಜೂನ್‌ಗೆ ನಿಂತುಹೋಯಿತು. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಮುಕ್ತ ವ್ಯವಸ್ಥೆ ಲಿನಕ್ಸ್‌ನಲ್ಲಿ ಮಾತ್ರ ಈಗಲೂ ಯಾರೋ ಅದರ ಮೇಲೆ ಕೆಲಸ ಮಾಡುತ್ತಲೇ ಇದ್ದಾರೆ.

ರಜೆಗೆ ಬಂದ ಅಕ್ಕನ ಮಗ ಪರದೆ ನೋಡಿ ಮುಖ ಸಣ್ಣ ಮಾಡಿದ. “ಇದು ಲಿನಕ್ಸ್ ಅಲ್ವಾ? ಮಾಮ, ಇದ್ರಲ್ಲಿ ಗೇಮ್ ಆಡ್ಲಿಕ್ಕೆ ಆಗ್ತದಾ?”

“ಆಗ್ತದೆ ಮಾರಾಯ” ಅಂದೆ. ಹದಿನೈದು ವರ್ಷದ ಹಿಂದೆ ಕೇಳಿದ್ದರೆ ಮಾತು ಮರೆಸುತ್ತಿದ್ದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನವರು ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಸಿಡಿಯನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದ ಕಾಲ ಅದು. 2011ರಲ್ಲಿ ಆ ವ್ಯವಸ್ಥೆ ನಿಂತಿತು. ಪೋಸ್ಟ್‌ಮ್ಯಾನ್ ತಂದುಕೊಟ್ಟ ಸಿಡಿ ಹಾಕಿದರೆ ಎಲ್ಲ ಸರಿ, ಆಟ ಎಂದರೆ ಮಂಜಿನಲ್ಲಿ ಜಾರುವ ಪೆಂಗ್ವಿನ್ ಮತ್ತು ಗುಳ್ಳೆ ಒಡೆಯುವ ಪೆಂಗ್ವಿನ್. ಅದಕ್ಕಿಂತ ದೊಡ್ಡದು ಬೇಕಾದರೆ ಕಾರ್ಡ್ ಕಂಪನಿಯದ್ದೇ ಮುಚ್ಚಿದ ಡ್ರೈವರ್, ಅಂದರೆ ಒಳಗಿನ ಬರಹವನ್ನು ಹೊರಗಿನವರಿಗೆ ತೋರಿಸದ್ದು, ಹಾಕಬೇಕು. ಹಾಕಿದ ದಿನ ಓಡುತ್ತದೆ. ಮುಂದಿನ ತಿಂಗಳು ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಬೆಳಿಗ್ಗೆ ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ. ಆ ಗೆರೆ ನೋಡುತ್ತಾ ಕಳೆದ ಭಾನುವಾರಗಳಿಗೆ ಲೆಕ್ಕವಿಲ್ಲ.

ಹೀಗೇಕೆ ಆಗುತ್ತಿತ್ತು ಎಂದರೆ, ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಎರಡು ತುಂಡಾಗಿರುತ್ತದೆ. ಒಂದು ಕರ್ನಲ್ ಒಳಗೆ ಕೂತು ಕಾರ್ಡಿನ ಮೆಮೊರಿ, ವೇಗ, ಬಿಸಿ ನೋಡಿಕೊಳ್ಳುತ್ತದೆ. ಇನ್ನೊಂದು ಹೊರಗಿದ್ದು, ‘ಇಲ್ಲಿ ತ್ರಿಕೋನ ಎಳೆ, ಅಲ್ಲಿ ನೆರಳು ಹಾಕು’ ಎಂದು ಆಟ ಹೇಳಿದ್ದನ್ನು ಆಯಾ ಕಾರ್ಡಿನ ಯಂತ್ರಭಾಷೆಗೆ ಇಳಿಸುತ್ತದೆ. ಈ ಎರಡನೆಯದರ ತವರು ಮೆಸಾ ಎಂಬ ಯೋಜನೆ. ಬ್ರಯನ್ ಪಾಲ್ 1993ರಲ್ಲಿ ಬಿಡುವಿನ ಹೊತ್ತಿನ ಕೆಲಸವಾಗಿ ಶುರುಮಾಡಿದ್ದು, 1995ರಲ್ಲಿ ಹೊರಬಂತು. ಕರ್ನಲ್ ತನ್ನ ಒಳಗಿನ ಏರ್ಪಾಡನ್ನು ಬೇಕೆಂದಾಗ ಬದಲಿಸಿಕೊಳ್ಳುತ್ತದೆ. ಒಳಗೇ ಇರುವ ಡ್ರೈವರನ್ನು ಬದಲಿಸಿದವರೇ ತಿದ್ದುತ್ತಾರೆ, ಹೊರಗಿನಿಂದ ಬಂದು ಅಂಟಿಕೊಂಡ ಮುಚ್ಚಿದ ಡ್ರೈವರನ್ನು ತಿದ್ದುವವರಿಲ್ಲ. ಒಳಗೆ ಸೇರಿಸೋಣವೆಂದರೆ ಕಾರ್ಡಿನ ಯಾವ ವಿಳಾಸಕ್ಕೆ ಯಾವ ಅಂಕಿ ಬರೆದರೆ ಏನಾಗುತ್ತದೆ ಎಂಬ ದಾಖಲೆ ಬೇಕು. ಅದು ಕಂಪನಿಯ ಕಪಾಟಿನಲ್ಲಿ.

ಎರಡು ದೊಡ್ಡ ಕಾರ್ಡ್ ಕಂಪನಿಗಳಲ್ಲಿ ಕಪಾಟು ಮೊದಲು ತೆರೆದದ್ದು ಎಎಮ್‌ಡಿ. 2006ರಲ್ಲಿ ಅದು ಗ್ರಾಫಿಕ್ಸ್ ಕಾರ್ಡು ಮಾಡುತ್ತಿದ್ದ ಎಟಿಐ ಕಂಪನಿಯನ್ನು ಕೊಂಡಿತು, 2007ರ ಸೆಪ್ಟೆಂಬರ್‌ನಲ್ಲಿ ತನ್ನ ಕಾರ್ಡುಗಳ ದಾಖಲೆ ಬಿಡುಗಡೆ ಮಾಡಿ ಮುಕ್ತ ಡ್ರೈವರಿಗೆ ಕೈಜೋಡಿಸುವುದಾಗಿ ಸಾರಿತು. ಫಲ ಮರುದಿನವೇ ಸಿಗಲಿಲ್ಲ. ಎಎಮ್‌ಡಿಜಿಪಿಯು ಎಂಬ ಹೊಸ ಕರ್ನಲ್ ಡ್ರೈವರ್ ಬರುವಾಗ 2015 ಆಗಿತ್ತು. 2016ರ ಫೆಬ್ರವರಿಯಲ್ಲಿ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ಮಾನದಂಡ ಬಂದಾಗ ಎಎಮ್‌ಡಿ ‘ನಮ್ಮದನ್ನೂ ತೆರೆಯುತ್ತೇವೆ’ ಎಂದು ಹೇಳಿ ತಡಮಾಡಿತು. ಡೇವ್ ಏರ್ಲಿ ಮತ್ತು ಬಾಸ್ ನ್ಯೂವನ್‌ಹೌಜನ್ ಎಂಬಿಬ್ಬರು ಕಾಯಲಿಲ್ಲ; ರಾಡ್‌ವಿ ಎಂಬ ಡ್ರೈವರನ್ನು ತಾವೇ ಬರೆದು ಅದೇ ವರ್ಷ ಮೆಸಾಕ್ಕೆ ಸೇರಿಸಿದರು. 2025ರಲ್ಲಿ ಎಎಮ್‌ಡಿ ತನ್ನ ಸ್ವಂತ ಮುಕ್ತ ವಲ್ಕನ್ ಡ್ರೈವರನ್ನು ನಿಲ್ಲಿಸಿ ರಾಡ್‌ವಿಗೇ ಬೆಂಬಲ ಎಂದು ಘೋಷಿಸಿತು. ಮನೆಯವರು ಮಾಡಿದ ಅಡುಗೆಗಿಂತ ನೆಂಟರು ಮಾಡಿದ್ದೇ ರುಚಿಯಾದರೆ ಇನ್ನೇನು ಮಾಡುವುದು!

ಇನ್ನೊಂದು ಕಂಪನಿ ಎನ್‌ವಿಡಿಯಾದ ಕಥೆ ಇದರ ತದ್ವಿರುದ್ಧ. ಅದರ ಮುಚ್ಚಿದ ಡ್ರೈವರ್ ವೇಗದಲ್ಲಿ ಯಾವತ್ತೂ ಚೆನ್ನಾಗಿತ್ತು, ಆದರೆ ದಾಖಲೆ ಇಲ್ಲ. ನೂವೋ ಎಂಬ ತಂಡ ಆ ಡ್ರೈವರ್ ಕಾರ್ಡಿಗೆ ಏನೇನು ಬರೆಯುತ್ತದೆ ಎಂದು ಕದ್ದುಕೇಳಿ, ಊಹಿಸಿ, ಮುಕ್ತ ಡ್ರೈವರ್ ಕಟ್ಟಿತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದ ಮುಂದೆ ಎನ್‌ವಿಡಿಯಾಗೆ ಮಧ್ಯದ ಬೆರಳು ತೋರಿಸಿದ್ದು ಆ ಸಿಟ್ಟಿಗೇ. ಆಮೇಲೆ ಇನ್ನೂ ಬಿಗಿಯಾಯಿತು: 2014ರ ಸುಮಾರಿನ ಕಾರ್ಡುಗಳಿಂದ ಮುಂದೆ ಕಂಪನಿ ಸಹಿ ಹಾಕಿದ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಇಲ್ಲದೆ ಕಾರ್ಡು ಪೂರ್ಣ ವೇಗಕ್ಕೆ ಏರುವುದೇ ಇಲ್ಲ. ನೂವೋ ಹಾಕಿದರೆ ಕಾರ್ಡು ಮೊದಲ ಗೇರಿನಲ್ಲೇ ಆಗುಂಬೆ ಘಾಟಿ ಹತ್ತಿದ ಹಾಗೆ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಕರ್ನಲ್ ತುಂಡನ್ನಷ್ಟೇ ತೆರೆಯಿತು, ಅದೇ ವರ್ಷ ಮೆಸಾದವರು ಎನ್‌ವಿಕೆ ಎಂಬ ವಲ್ಕನ್ ಡ್ರೈವರಿನ ಕೆಲಸ ಪ್ರಕಟಿಸಿದರು. ಹೊಸ ಕಾರ್ಡು ಇದ್ದವರಿಗೆ ಈಗ ದಾರಿ ಇದೆ. ನಡುವಿನ ಪೀಳಿಗೆಯ ಕಾರ್ಡು ಇದ್ದವರು ಅನಾಥರೇ.

ಡ್ರೈವರ್ ಸಿಕ್ಕಿತು, ಆಟ ಎಲ್ಲಿ? 1998ರಲ್ಲಿ ಅಮೆರಿಕದಲ್ಲಿ ಲೋಕಿ ಎಂಬ ಕಂಪನಿ ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತಂದು ಪೆಟ್ಟಿಗೆಯಲ್ಲಿ ಮಾರಲು ಹೊರಟು 2002ರಲ್ಲಿ ಮುಚ್ಚಿತು. ಅಲ್ಲಿದ್ದ ಸ್ಯಾಮ್ ಲ್ಯಾಂಟಿಂಗಾ ಬರೆದಿದ್ದ ಎಸ್‌ಡಿಎಲ್ ಎಂಬ ಲೈಬ್ರರಿ ಮಾತ್ರ ಉಳಿಯಿತು. ಪರದೆ, ಶಬ್ದ, ಕೀಬೋರ್ಡ್, ಜಾಯ್‌ಸ್ಟಿಕ್ ಇವನ್ನೆಲ್ಲ ಯಾವ ಸಿಸ್ಟಮ್ ಆದರೂ ಒಂದೇ ರೀತಿ ಮುಟ್ಟಲು ಅದು ಸಾಧನ. ಆ ಹೆಸರು ಮುಂದೆ ಮತ್ತೆ ಬರುತ್ತದೆ.

ಹತ್ತು ವರ್ಷದ ನಂತರ ಆನ್‌ಲೈನಿನಲ್ಲಿ ಆಟ ಮಾರುವ ಸ್ಟೀಮ್ ಅಂಗಡಿಯ ಒಡೆಯರಾದ ವಾಲ್ವ್ ಕಂಪನಿಗೆ ಭಯ ಹುಟ್ಟಿತು. ವಿಂಡೋಸ್ 8ರ ಒಳಗೇ ಮೈಕ್ರೋಸಾಫ್ಟ್ ತನ್ನ ಅಂಗಡಿ ಇಟ್ಟಿತ್ತು. ಜಾಗದ ಮಾಲೀಕ ತಾನೇ ಅಂಗಡಿ ಹಾಕಿದರೆ ಬಾಡಿಗೆಯವನಿಗೆ ನಿದ್ದೆ ಬರುವುದೇ? 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರಲ್ಲಿ ಸ್ಟೀಮ್ ಮೆಷಿನ್ ಎಂಬ ಪೆಟ್ಟಿಗೆಗಳು ಬಂದು, ಆಡಲು ಆಟಗಳೇ ಸಾಲದೆ ಮೂಲೆ ಸೇರಿದವು. ಪ್ರತಿ ಕಂಪನಿಯೂ ಲಿನಕ್ಸ್‌ಗಾಗಿ ಆಟವನ್ನು ಮತ್ತೆ ಕಟ್ಟಲಿ ಎಂದು ಕಾದದ್ದೇ ತಪ್ಪು.

ವಿಂಡೋಸ್ ಆಟವನ್ನು ಇದ್ದ ಹಾಗೇ ಓಡಿಸುವ ಉಪಾಯ ಹೊಸದೇನಲ್ಲ. ವೈನ್ ಯೋಜನೆ 1993ರಿಂದಲೇ ಇತ್ತು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಳಿಯ ಅಂಗಡಿಯವನು ಗಿರಾಕಿ ತುಳುವಿನಲ್ಲಿ ಕೇಳಿದರೆ ತುಳು, ಕೊಂಕಣಿಯಲ್ಲಿ ಕೇಳಿದರೆ ಕೊಂಕಣಿ, ಬ್ಯಾರಿಯಲ್ಲಿ ಕೇಳಿದರೆ ಬ್ಯಾರಿ ಮಾತಾಡಿ ಅದೇ ಕಪಾಟಿನಿಂದ ಅದೇ ಸಾಮಾನು ತೆಗೆದುಕೊಡುವುದಿಲ್ಲವೇ, ವೈನ್ ಮಾಡುವುದೂ ಅದನ್ನೇ. ಆಟ ವಿಂಡೋಸ್‌ ಭಾಷೆಯಲ್ಲಿ ಕೇಳುತ್ತದೆ, ಸಾಮಾನು ಲಿನಕ್ಸ್‌ನಿಂದ ಬರುತ್ತದೆ. ತೊಡಕಿದ್ದದ್ದು ಗ್ರಾಫಿಕ್ಸ್‌ನಲ್ಲಿ. ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ ಆಜ್ಞೆಗಳನ್ನು ಹಳೆಯ ಗ್ರಾಫಿಕ್ಸ್ ಮಾನದಂಡವಾದ ಓಪನ್‌ಜಿಎಲ್‌ಗೆ ತಿರುಗಿಸುವಾಗ ವೇಗವೆಲ್ಲ ಸೋರಿಹೋಗುತ್ತಿತ್ತು. 2017ರ ಹೊತ್ತಿಗೆ ಫಿಲಿಪ್ ರೆಬೋಲೆ ಎಂಬಾತ ಅವನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆಯತೊಡಗಿದ. ವಲ್ಕನ್ ಕಾರ್ಡಿನ ತೀರಾ ಹತ್ತಿರ ಕೆಲಸ ಮಾಡುವುದರಿಂದ ಸೋರಿಕೆ ಕಡಿಮೆ. ವಾಲ್ವ್ ಅವನನ್ನು ಕೆಲಸಕ್ಕಿಟ್ಟುಕೊಂಡು, ವೈನ್ ಮತ್ತು ಡಿಎಕ್ಸ್‌ವಿಕೆ ಸೇರಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂದು ಹೊರತಂದಿತು. ಮೊದಲ ದಿನ ಪರೀಕ್ಷಿಸಿ ಒಪ್ಪಿದ ಆಟಗಳು 27. ಈಗ ಆ ಲೆಕ್ಕ ಸಾವಿರಗಳಲ್ಲಿದೆ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಓಡುವುದು ಇದೇ ರಾಡ್‌ವಿ, ಇದೇ ಪ್ರೋಟಾನ್ ಮೇಲೆ. ಬಿಡುಗಡೆಯಾದಾಗ ಅದು ಭಾರತದ ಅಂಗಡಿಗಳಿಗೆ ಬರಲಿಲ್ಲ. ನಮ್ಮ ಕಡೆ ನಾನು ನೋಡಿದ ಒಂದೇ ಒಂದು ಡೆಕ್ ಗಲ್ಫಿನಿಂದ ಬಂದವರ ಬ್ಯಾಗಿನಿಂದ, ಟ್ಯಾಂಗ್ ಡಬ್ಬಿಯ ಪಕ್ಕದಿಂದ ಹೊರಬಂದದ್ದು.

ಇನ್ನು ಕಂಟ್ರೋಲರ್, ಅಂದರೆ ಆಡಲು ಕೈಯಲ್ಲಿ ಹಿಡಿಯುವ ಪ್ಯಾಡು. ನನಗೆ ಇದೇ ಹೆಚ್ಚು ಇಷ್ಟದ ಅಧ್ಯಾಯ, ಪೆಟ್ಟು ತಿಂದದ್ದೂ ಇಲ್ಲೇ. ಹಂಪನಕಟ್ಟೆಯ ಕಡೆಯ ಒಂದು ಅಂಗಡಿಯಿಂದ ಐನೂರು ರೂಪಾಯಿಗೆ ತಂದ ಪ್ಯಾಡು ನೋಡಲಿಕ್ಕೆ ಸೋನಿಯ ಪ್ಲೇಸ್ಟೇಷನ್ 3 (ಪಿಎಸ್‌3)ರದ್ದೇ. ಯುಎಸ್‌ಬಿಗೆ ಚುಚ್ಚಿದ್ದೇ ತಡ, ಕೈಯಲ್ಲಿ ಗರಗರ ನಡುಗತೊಡಗಿತು. ನಿಲ್ಲಲೇ ಇಲ್ಲ. ಮೇಜಿನ ಮೇಲಿಟ್ಟರೆ ತಾನಾಗಿ ತೆವಳುತ್ತಾ ಅಂಚಿಗೆ ಹೋಯಿತು.

ಕಾರಣ ಸ್ವಾರಸ್ಯದ್ದು. ಯುಎಸ್‌ಬಿ ಸಾಧನ ಚುಚ್ಚಿದ ಕೂಡಲೇ ತಯಾರಕರ ಗುರುತು ಹೇಳಿಕೊಳ್ಳುತ್ತದೆ. ಸೋನಿಯದ್ದು 054ಸಿ, ಮೈಕ್ರೋಸಾಫ್ಟಿನದ್ದು 045ಇ, ನಿಂಟೆಂಡೊದ್ದು 057ಇ. ನಕಲಿ ಪ್ಯಾಡು ಸೋನಿಯ ಗುರುತನ್ನೇ ಕದ್ದು ಹೇಳುತ್ತದೆ, ಕರ್ನಲ್‌ನ ಸೋನಿ ಡ್ರೈವರ್ ನಂಬಿ ಸೋನಿಯ ರೀತಿಯಲ್ಲೇ ಆಜ್ಞೆ ಕಳುಹಿಸುತ್ತದೆ, ನಕಲಿ ಅದನ್ನು ಅರ್ಥಮಾಡಿಕೊಳ್ಳದೆ ನಡುಗುತ್ತದೆ. ಇಂಥ ನಕಲಿಗಳನ್ನು ಗುರುತಿಸಿ ಬೇರೆಯಾಗಿ ನಡೆಸಿಕೊಳ್ಳುವ ಸಾಲುಗಳು ಆಮೇಲೆ ಆ ಡ್ರೈವರಿನಲ್ಲೇ ಸೇರಿದವು. ಕರ್ನಲ್ ಬದಲಿಸಿದ ಮೇಲೆ ನನ್ನದೂ ಸುಮ್ಮನಾಯಿತು. ಐನೂರು ರೂಪಾಯಿಯ ಕಳ್ಳಮಾಲಿಗೂ ಯಾರೋ ಕೂತು ಮದ್ದು ಬರೆದಿದ್ದರಲ್ಲ ಎಂದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಪ್ಯಾಡುಗಳ ಚರಿತ್ರೆ ಕಾರ್ಡುಗಳ ಚರಿತ್ರೆಯ ಸಣ್ಣ ಪ್ರತಿ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ನ ಪ್ಯಾಡುಗಳು ಎಲ್ಲ ಪ್ಯಾಡಿಗೂ ಇರುವ ಸಾಮಾನ್ಯ ಕಟ್ಟಳೆ ಪಾಲಿಸದೆ ತಮ್ಮದೇ ರೀತಿ ಮಾತಾಡುತ್ತವೆ. ಅವಕ್ಕಾಗಿ 2002ರಲ್ಲಿ ಎಕ್ಸ್‌ಪ್ಯಾಡ್ ಡ್ರೈವರ್ ಹುಟ್ಟಿತು, ಈಗಲೂ ಅದೇ. ನಿಂಟೆಂಡೊ ಸ್ವಿಚ್ ಪ್ಯಾಡುಗಳ ಡ್ರೈವರನ್ನು ಆಸಕ್ತರೇ ಬರೆದದ್ದು, ಕರ್ನಲ್ ಸೇರಿದ್ದು 2022ರ ಆರಂಭದ 5.16 ಆವೃತ್ತಿಯಲ್ಲಿ. ಸೋನಿ ಮಾತ್ರ 2021ರಲ್ಲಿ ಪಿಎಸ್‌5ರ ಪ್ಯಾಡಿಗೆ ತಾನೇ ಡ್ರೈವರ್ ಬರೆದುಕೊಟ್ಟಿತು. ಗುಂಡಿ ಒತ್ತಿದ್ದು ತಿಳಿದರೂ ಸಾಲದು, ಒಂದರ ‘ಒಂದನೇ ಗುಂಡಿ’ ಇನ್ನೊಂದರ ಮೂರನೆಯದು. ಇಲ್ಲಿ ಎಸ್‌ಡಿಎಲ್ ಮತ್ತೆ ಬರುತ್ತದೆ: ಪ್ರತಿ ಪ್ಯಾಡಿಗೂ ಒಂದು ಸಾಲು, ಯಾವ ಗುಂಡಿ ಎಲ್ಲಿದೆ ಎಂಬ ಪಟ್ಟಿ. ಜಗತ್ತಿನ ಮೂಲೆಮೂಲೆಯವರು ತಮ್ಮ ಕೈಲಿದ್ದ ಪ್ಯಾಡಿನ ಸಾಲು ಬರೆದು ಕಳುಹಿಸಿ ಬೆಳೆಸಿದ್ದು ಅದು.

ಇಷ್ಟಾದರೂ ಅಳಿಯನಿಗೆ ಬೇಕಿದ್ದ ಆಟವೇ ಬೇರೆ. “ವ್ಯಾಲರಂಟ್ ಉಂಟಾ?” ಇಲ್ಲ. ಮೋಸಗಾರರನ್ನು ಹಿಡಿಯಲು ಅದರ ಕಾವಲು ತಂತ್ರಾಂಶ ವಿಂಡೋಸ್ ಕರ್ನಲ್‌ನ ಒಳಗೇ ಕೂರುತ್ತದೆ, ಅದನ್ನು ಪ್ರೋಟಾನ್ ಅನುವಾದಿಸಲಾರದು. ಬೇರೆ ಕೆಲವು ಕಾವಲುಗಳು 2021ರಿಂದ ಪ್ರೋಟಾನ್‌ಗೆ ಹೊಂದಿಕೊಂಡಿವೆ, ಆದರೆ ಬಾಗಿಲು ತೆರೆಯುವುದು ಆಟದ ಕಂಪನಿಯ ಮರ್ಜಿ. ಅಪೆಕ್ಸ್ ಲೆಜೆಂಡ್ಸ್ ತೆರೆದು, ಲಿನಕ್ಸ್‌ನಿಂದ ಮೋಸ ಹೆಚ್ಚಾಯಿತೆಂದು 2024ರ ಅಕ್ಟೋಬರ್‌ನಲ್ಲಿ ಮತ್ತೆ ಮುಚ್ಚಿತು. ಇದನ್ನೆಲ್ಲ ಹೇಳಿದಾಗ ಅವನು “ಹೌದಾ” ಎಂದು ಫೋನ್ ತೆಗೆದ.

ಮತ್ತೆ ನನ್ನ ಆರ್7 250. ಅದು ಹುಟ್ಟಿದ್ದು ಹಳೆಯ ರೇಡಿಯಾನ್ ಡ್ರೈವರಿನ ಕಾಲದಲ್ಲಿ. ಅದರಲ್ಲಿ ವಲ್ಕನ್ ಇಲ್ಲ. ವಲ್ಕನ್ ಇಲ್ಲವೆಂದರೆ ಡಿಎಕ್ಸ್‌ವಿಕೆ ಇಲ್ಲ. ಹೊಸ ಡ್ರೈವರಿನಲ್ಲಿ ಪ್ರಾಯೋಗಿಕ ಬೆಂಬಲವಿತ್ತು, ಬೂಟ್ ಆಗುವಾಗ ರೇಡಿಯಾನ್‌ಗೆ ಸೊನ್ನೆ, ಎಎಮ್‌ಡಿಜಿಪಿಯುಗೆ ಒಂದು ಎಂದು ಕೈಯಾರೆ ಬರೆದುಕೊಟ್ಟರೆ ಮಾತ್ರ. ವರ್ಷಗಟ್ಟಲೆ ಆ ಸಾಲು, ಬೂಟ್ ಸೂಚನೆಗಳಿರುವ ನನ್ನ ಗ್ರಬ್ ಫೈಲಿನಲ್ಲಿತ್ತು. ಈಚೆಗೆ ವಾಲ್ವ್ ಕಡೆಯ ಟಿಮೂರ್ ಕ್ರಿಸ್ಟೋಫ್ ಈ ಹಳೆಯ ಕಾರ್ಡುಗಳಿಗೆ ಬಾಕಿ ಉಳಿದ ಕೆಲಸ ಮುಗಿಸಿದರು. 2026ರ ಆರಂಭದಲ್ಲಿ ಬಂದ 6.19 ಕರ್ನಲ್‌ನಿಂದ ಇವಕ್ಕೂ ಹೊಸ ಡ್ರೈವರೇ ತಾನಾಗಿ ಹತ್ತುತ್ತದೆ.

ಫೈಲು ತೆರೆದು ಆ ಸಾಲು ಅಳಿಸುವಾಗ ಅಳಿಯ ಹಿಂದೆ ನಿಂತು ನೋಡುತ್ತಿದ್ದ. “ಎಂತ ತೆಗ್ದದ್ದು ಮಾಮ?”

“ಇನ್ನು ಬೇಡದ್ದು.”

ರೀಸ್ಟಾರ್ಟ್ ಆಯಿತು, ಒಂದು ಹಳೆಯ ಕಾರ್ ರೇಸ್ ಹಾಕಿಕೊಟ್ಟೆ. ಕಾರು ಎಡಕ್ಕೆ ಎಡಕ್ಕೆ ವಾಲುತ್ತದೆ ಎಂದು ಅವನ ದೂರು. ಪರೀಕ್ಷಾ ಕಿಟಕಿ ತೆರೆದು ನೋಡಿದರೆ ಪ್ಯಾಡಿನ ಕೋಲನ್ನು ಯಾರೂ ಮುಟ್ಟದಿದ್ದರೂ ಅಂಕಿ ಸೊನ್ನೆಗೆ ಬಾರದೆ ಋಣದ ಕಡೆಗೇ ಕುಣಿಯುತ್ತಿತ್ತು. ಒಳಗಿನ ಇಂಗಾಲದ ಪಟ್ಟಿ ಸವೆದಿದೆ. ನಡುವಿನ ಆ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಹೊಂದಿಸಿಕೊಟ್ಟೆ, ಸದ್ಯಕ್ಕೆ ನೆಟ್ಟಗೆ ಓಡುತ್ತಿದೆ. ಸೋಮವಾರ ಮಂಗಳೂರಿಗೆ ಹೋದಾಗ ಆ ಬಿಡಿಭಾಗ ಸಿಗುತ್ತದೆಯೋ ವಿಚಾರಿಸಬೇಕು.