ಜೋಗಕ್ಕೆ ಕರೆದುಕೊಂಡು ಹೋದರೆ ಕೆಲಸದವರು ಒಂದಾಗುತ್ತಾರಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಹಾರ್ಡ್‌ವೇರ್ ಅಂಗಡಿ. ಒಂಬತ್ತು ಜನ ಕೆಲಸಕ್ಕಿದ್ದಾರೆ. ಕೌಂಟರಿನವರಿಗೂ ಗೋಡೌನಿನವರಿಗೂ ಆಗಿಬರಲ್ಲ. ಎಲ್ಲರನ್ನೂ ಒಂದು ಟ್ರಿಪ್ ಕರೆದುಕೊಂಡು ಹೋದರೆ ಸರಿಹೋಗುತ್ತಾ?

ಉತ್ತರ: ಇಲ್ಲ ಮಾರಾಯ್ರೆ, ಹೋಗಲ್ಲ.

ಇದಕ್ಕೆ ಉತ್ತರ ಬರೆದೂ ಬರೆದೂ ನನಗೆ ಸಾಕಾಗಿದೆ. ಕೇಳುವವರ ಅಂಗಡಿ ಬೇರೆ, ಊರು ಬೇರೆ, ಟ್ರಿಪ್ ಮಾತ್ರ ಅದೇ. ಮಳೆಗಾಲವಾದರೆ ಜೋಗ, ಬೇಸಿಗೆಯಾದರೆ ಸಕ್ರೆಬೈಲಿನ ಆನೆ, ಕೈಯಲ್ಲಿ ದುಡ್ಡು ಓಡಾಡುತ್ತಿದ್ದರೆ ಒಂದು ರಾತ್ರಿ ಹೋಂಸ್ಟೇ. ಹೋಗಿ ಬನ್ನಿ, ಬೇಡ ಅನ್ನಲ್ಲ, ಹುಡುಗರಿಗೆ ಖುಷಿಯಾಗುತ್ತದೆ. ಆದರೆ ಗೋಡೌನಿನ ಜಗಳ ಬಿಡಿಸೋಕೆ ಅಂತ ಹೋಗಬೇಡಿ.

ನಾನೂ ಹೋಗಿ ಬಂದವನೇ. ಶಿವಮೊಗ್ಗದಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್, ಹನ್ನೊಂದು ಜನ. ಒಂದು ಆಷಾಢದಲ್ಲಿ, ಮದುವೆ ಇಲ್ಲ, ಕಾರ್ಡಿನ ಕೆಲಸ ಇಲ್ಲ, ಇದ್ದ ಕಾಗದವೂ ಥಂಡಿ ಹಿಡಿದು ಸುರುಳಿ ಸುತ್ತಿಕೊಳ್ಳುತ್ತಿತ್ತು, ಸರಿ ಅಂತ ಮಿನಿ ಬಸ್ ಮಾಡಿ ಎಲ್ಲರನ್ನೂ ಜೋಗಕ್ಕೆ ಕರೆದುಕೊಂಡು ಹೋದೆ. ಒಂದು ಗಂಟೆ ಬರೀ ಮಂಜು. ಆಮೇಲೆ ಜಲಪಾತ ಕಂಡಿತು, ಎಲ್ಲರೂ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೆ.

ಶ್ರಾವಣ ಬಂತು. ಮದುವೆ ಕಾರ್ಡಿನ ಆರ್ಡರ್, ಆರುನೂರು. ಕಂಪ್ಯೂಟರಿನ ಹುಡುಗ ತಾರೀಖು ಸರಿಯಾಗಿ ಹಾಕಿ ವಾರ ತಪ್ಪು ಹಾಕಿದ್ದ, ಬುಧವಾರ ಅಂತ ಇರಬೇಕಾದಲ್ಲಿ ಗುರುವಾರ. ಪ್ರಿಂಟ್ ಆಯಿತು, ಮಡಚಿದ್ದಾಯಿತು, ಕಟ್ಟು ಕಟ್ಟಿದ್ದೂ ಆಯಿತು. ಹುಡುಗಿಯ ಅಪ್ಪ ಬಂದು ಕೌಂಟರಿನಲ್ಲೇ ಒಂದು ಕಾರ್ಡು ಬಿಚ್ಚಿ ಓದಿದರು. ಅವರ ಮುಖ ನನಗೆ ಇನ್ನೂ ನೆನಪಿದೆ. ಆರುನೂರೂ ಮತ್ತೆ ಹಾಕಿಕೊಟ್ಟೆ. ಸಂಜೆ ಮಷಿನ್ ಆಪರೇಟರನ್ನು ಕೇಳಿದರೆ, ‘ನಾನು ನೋಡಿದ್ದೆ ಸಾರ್. ಡಿಸೈನಿಗೆ ಬಾಯಿ ಹಾಕಿದ್ರೆ ಅವನಿಗೆ ಸಿಟ್ಟು ಬರುತ್ತೆ, ನಂಗ್ಯಾಕೆ ಅಂತ ಸುಮ್ನಾದೆ’ ಅಂದ.

ಜೋಗದ ಫೋಟೋದಲ್ಲಿ ಇವರಿಬ್ಬರೂ ಅಕ್ಕಪಕ್ಕ ನಿಂತಿದ್ದಾರೆ.

ಪ್ರೀತಿ, ಸ್ನೇಹ ಇದ್ದರೆ ಕೆಲಸ ತಾನಾಗಿ ಕೂಡಿಬರುತ್ತದೆ ಅನ್ನುವ ಈ ನಂಬಿಕೆ ಇದೆಯಲ್ಲ, ಇದು ಪಾಚಿ ಇದ್ದ ಹಾಗೆ, ಎಷ್ಟು ಕೆರೆದರೂ ಮುಂದಿನ ಮಳೆಗೆ ಮತ್ತೆ ಹಾಜರು. ಅಡಿಕೆ ಕೊಯ್ಲು ನೋಡಿದವರಿಗಾದರೂ ಇದು ಗೊತ್ತಾಗಬೇಕು. ಅಡಿಕೆ ಸುಲಿಯಲು ಕೂತ ಹೆಂಗಸರನ್ನು ನೋಡಿ. ಸಾಲಾಗಿ ಮೆಟ್ಟುಗತ್ತಿ, ರಾತ್ರಿಯಾದರೂ ಮುಗಿಯದ ಮಾತು, ಯಾರ ಮಗಳಿಗೆ ಗಂಡು ಸಿಕ್ಕಿತು, ಯಾರ ಮನೆಯಲ್ಲಿ ಏನು ರಾಮಾಯಣ, ಅಂಗಳ ತುಂಬ ನಗು. ಆದರೆ ಡಬ್ಬ ಅವರವರದ್ದು, ಕೂಲಿಯೂ ಡಬ್ಬದ ಲೆಕ್ಕಕ್ಕೆ. ಪಕ್ಕದವರು ಇವತ್ತು ಬರಲಿಲ್ಲ ಅಂದರೆ ಬೇಜಾರಾಗಬಹುದು, ಡಬ್ಬ ಏನೂ ಕಮ್ಮಿ ಆಗಲ್ಲ. ಅದೇ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರನನ್ನೂ ಕೆಳಗೆ ಹಗ್ಗ ಹಿಡಿಯುವವನನ್ನೂ ನೋಡಿ. ಮೇಲಿನವನು ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ, ಕೆಳಗಿನವನು ಆ ಹೊತ್ತಿಗೆ ಬಿಗಿ ಹಿಡಿದಿರಬೇಕು, ಸಡಿಲ ಬಿಟ್ಟನೋ ಅಡಿಕೆ ತೋಟದ ತುಂಬ. ನಮ್ಮೂರಲ್ಲಿ ಇಂಥ ಒಂದು ಜೋಡಿ ಬೇಲಿ ತಕರಾರಿಗೆ ಮಾತು ಬಿಟ್ಟಿತ್ತು. ಒಬ್ಬರ ಮನೆಗೆ ಒಬ್ಬರು ಕಾಲಿಡುತ್ತಿರಲಿಲ್ಲ. ತೋಟದಲ್ಲಿ ಮಾತ್ರ ಮೇಲಿಂದ ‘ಬಿಟ್ಟೆ’, ಕೆಳಗಿಂದ ‘ಹ್ಞೂಂ’, ಅಷ್ಟೇ. ಆ ಎರಡು ಮಾತಿನಲ್ಲಿ ಇಡೀ ತೋಟ ಕೊಯ್ದು ಮುಗಿಸುತ್ತಿದ್ದರು.

ನಿಮಗೆ ಬೇಕಾಗಿರೋದು ಆ ‘ಬಿಟ್ಟೆ’, ‘ಹ್ಞೂಂ’.

ಹಗ್ಗದ ಮಾತು ಬಂತಲ್ಲ, ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್‌ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದ. ಜನರ ಕೈಯಲ್ಲಿ ಹಗ್ಗ ಎಳೆಸಿ ಬಲ ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಲೆಕ್ಕಕ್ಕೆ ಬಂದ ಬಲ, ಒಬ್ಬನೇ ಎಳೆದದ್ದರ ಸುಮಾರು ಅರ್ಧ. ಒಂದು, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲ್ಲ. ಇನ್ನೊಂದು ನಿಮಗೆ ಗೊತ್ತೇ ಇದೆ, ನಾನೆಷ್ಟು ಎಳೆದೆ ಅಂತ ಯಾರು ನೋಡ್ತಾರೆ? ಲೋಡ್ ಇಳಿಸೋದು ‘ಎಲ್ಲರ ಕೆಲಸ’ ಅಂತ ಬಿಟ್ಟಿದ್ದರೆ, ಲಾರಿ ಬಂದಾಗ ಯಾರ್ಯಾರಿಗೆ ಫೋನ್ ಬರುತ್ತದೆ ಅಂತ ಒಮ್ಮೆ ಗಮನಿಸಿ.

ಇನ್ನು ನನ್ನ ಆಪರೇಟರ್ ಸುಮ್ಮನಾದ ವಿಷಯ. ಅಮೆರಿಕದ ಏಮಿ ಎಡ್ಮಂಡ್ಸನ್ ಅನ್ನುವವರು ಆಸ್ಪತ್ರೆಗಳಲ್ಲಿ ರೋಗಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿ 1996ರಲ್ಲಿ ಬರೆದಿದ್ದಾರೆ. ಚೆನ್ನಾಗಿ ನಡೆಯುತ್ತಿದ್ದ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ ಕಂಡವು. ಅವರಿಗೇ ಗಾಬರಿ. ಆಮೇಲೆ ನೋಡಿದರೆ ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು.

ನಾನು ಇದನ್ನು ಓದಿ ಮೊದಲು ಮಾಡಿದ್ದು ಶುದ್ಧ ತಲೆಹರಟೆ. ತಪ್ಪು ಹಿಡಿದವರಿಗೆ ಐವತ್ತು ರೂಪಾಯಿ ಅಂದೆ. ಒಂದೇ ವಾರದಲ್ಲಿ ಎಲ್ಲರೂ ಪೊಲೀಸರಾದರು. ನಿಲ್ಲಿಸಿದೆ. ಈಗ ಪ್ರೂಫ್ ಹಾಳೆ ಮೂರು ಕೈ ದಾಟುತ್ತದೆ, ಮೂವರೂ ಸಹಿ ಹಾಕುತ್ತಾರೆ, ಕಾರ್ಡು ಕೆಟ್ಟರೆ ಮೂವರದ್ದೂ ಕೆಟ್ಟಿತು. ಪಕ್ಕದಲ್ಲೇ ಕ್ಯಾಲೆಂಡರ್. ಬೆಳಿಗ್ಗೆ ಟೀ ಕುಡಿಯುವಾಗ ನಿನ್ನೆ ನಾನೇನು ಎಡವಟ್ಟು ಮಾಡಿದೆ ಅಂತ ಮೊದಲು ನಾನೇ ಹೇಳುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು.

ನಿಮ್ಮ ಅಂಗಡಿಗೆ ಟ್ರಿಪ್ ಬೇಡ, ಒಂದು ವಾರ ಕೌಂಟರಿನವನನ್ನು ಗೋಡೌನಿಗೆ ಹಾಕಿ. ‘ಒಂದಿಂಚು ಎಲ್ಬೋ ಹತ್ತು’ ಅಂತ ಯಾವ ಕಂಪನಿ ಅಂತ ಬರೆಯದೆ ಚೀಟಿ ಕೊಟ್ಟರೆ ಏಣಿ ಎಷ್ಟು ಸಲ ಹತ್ತಬೇಕು ಅಂತ ಅವನ ಮೊಣಕಾಲೇ ಹೇಳುತ್ತದೆ. ಗೋಡೌನಿನವನೂ ಸಂತೆ ದಿನ ಕೌಂಟರಿನಲ್ಲಿ ನಿಲ್ಲಲಿ.

ನೀವು ಕೇಳಿಲ್ಲ, ಆದರೂ ಕೇಳುತ್ತೇನೆ, ಆ ಒಂಬತ್ತು ಜನರಲ್ಲಿ ನಿಮ್ಮ ನೆಂಟರು ಇದ್ದಾರಾ? ನನ್ನ ಹೆಂಡತಿಯ ಅಣ್ಣನ ಮಗ ನಮ್ಮಲ್ಲಿ ಬಿಲ್ ಬರೆಯುತ್ತಾನೆ. ಒಳ್ಳೇ ಹುಡುಗ, ಚಾಡಿ ಹೇಳುವವನಲ್ಲ. ಆದರೂ ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ತಪ್ಪು ನನ್ನದು. ರಾತ್ರಿ ಊಟಕ್ಕೆ ನಮ್ಮನೆಗೇ ಬರುತ್ತಿದ್ದ, ಅನ್ನ ಕಲಸುತ್ತಾ ನಾನೇ ‘ಇವತ್ತು ಯಾರು ಲೇಟು’ ಅಂತ ಕೇಳುತ್ತಿದ್ದೆ. ಕೇಳೋದು ಬಿಟ್ಟೆ. ಬಿಟ್ಟಿದ್ದೇನೆ ಅಂತ ಉಳಿದವರಿಗೆ ನಂಬಿಕೆ ಬರಲು ಸುಮಾರು ತಿಂಗಳೇ ಹಿಡಿಯಿತು. ಮೊನ್ನೆ ಅವನ ಎದುರೇ ಎಲ್ಲರೂ ಸೇರಿ ನನ್ನನ್ನು ಬೈಯುತ್ತಿದ್ದರು. ಅವನು ನನಗೆ ಹೇಳಲಿಲ್ಲ, ಬಾಗಿಲಾಚೆ ನಾನೇ ನಿಂತಿದ್ದೆ.